ಕಾನೂನು ಪದವಿಯ ಮೊದಲ ವರ್ಷದ ಅಂಕಗಳು ಮತ್ತು ಮುಂದಿನ ಕೆಲಸದ ದಾರಿ

(ಬೊಮ್ಮನಹಳ್ಳಿಯಲ್ಲಿ ನಡೆದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)





ಪ್ರತಿ ವರ್ಷ ಈ ಹೊತ್ತಿನಲ್ಲಿ ನಾವು ನಿಮಗೆ ಲೆಕ್ಕ ಒಪ್ಪಿಸುತ್ತೇವೆ. ಹಣದ ಲೆಕ್ಕ ಈ ವರದಿಯಲ್ಲಿ ಅಚ್ಚಾಗಿದೆ. ಲೆಕ್ಕಪರಿಶೋಧಕರ ಸಹಿಯೂ ಇದೆ. ಅದನ್ನು ನೀವು ಮನೆಯಲ್ಲಿ ನಿಧಾನವಾಗಿ ನೋಡಬಹುದು. ಈ ವರ್ಷ ಇನ್ನೊಂದು ಲೆಕ್ಕವನ್ನೂ ಒಪ್ಪಿಸಬೇಕಾಗಿದೆ. ಅದು ನಮ್ಮ ಸಮಿತಿಯೇ ಮಾಡಿದ ಒಂದು ತಪ್ಪಿನ ಲೆಕ್ಕ. ಅದನ್ನು ಮುಚ್ಚಿಟ್ಟು ಹೂಮಾಲೆ ಹಾಕಿಸಿಕೊಂಡು ಹೋಗುವುದು ಸರಿಯಲ್ಲ ಎನಿಸಿತು.

ಮೂರು ವರ್ಷದ ಹಿಂದೆ ಹೊಂಗಸಂದ್ರದ ಕಡೆಯ ಒಬ್ಬ ಹುಡುಗ ಐದು ವರ್ಷದ ಕಾನೂನು ಕೋರ್ಸಿಗೆ ಸೇರಿದ. ತಂದೆ ಆಟೋ ಓಡಿಸುತ್ತಾರೆ, ತಾಯಿ ಗಾರ್ಮೆಂಟ್ಸಿನಲ್ಲಿ ಟೈಲರ್. ಮೊದಲ ವರ್ಷದ ಶುಲ್ಕ ನಾವೇ ಕೊಟ್ಟೆವು. ವರ್ಷದ ಕೊನೆಗೆ ಅವನಿಗೆ ಬಂದದ್ದು ಶೇ. 47. ಮುಂದಿನ ವರ್ಷಕ್ಕೆ ವಿದ್ಯಾರ್ಥಿವೇತನ ಮುಂದುವರಿಯಬೇಕಾದರೆ ಶೇ. 55 ಇರಬೇಕು ಎಂಬುದು ನಮ್ಮ ಅಂದಿನ ನಿಯಮ. ಅರ್ಜಿಯನ್ನು ವಾಪಸ್ ಕೊಟ್ಟೆವು. ಕೊಡುವಾಗ ಸಮಿತಿಯವರೊಬ್ಬರು, ಕೆಟ್ಟ ಮನಸ್ಸಿನಿಂದಲ್ಲ, ಒಂದು ಮಾತು ಹೇಳಿದರು: "ಮೊದಲ ವರ್ಷವೇ ಹೀಗಾದರೆ ಮುಂದೆ ಯಾರಪ್ಪಾ ಕೆಲಸ ಕೊಡ್ತಾರೆ?"

ಹುಡುಗ ಎರಡನೇ ವರ್ಷದ ಶುಲ್ಕ ಕಟ್ಟಲಿಲ್ಲ. ಈಗ ಬೊಮ್ಮಸಂದ್ರದ ಒಂದು ಗೋದಾಮಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುವ ಕೆಲಸದಲ್ಲಿದ್ದಾನೆ. ಕಳೆದ ರಮಜಾನಿನಲ್ಲಿ ತಂದೆ ಕೊಟ್ಟ ಒಂದು ಸಣ್ಣ ಲಕೋಟೆಯನ್ನು ಟ್ರಸ್ಟಿಗೆ ತಲುಪಿಸಲು ಬಂದಿದ್ದ. ಅದರಲ್ಲಿ ಇದ್ದದ್ದು ಸದಕಾ ಹಣ. ನಾವು ಕೈಬಿಟ್ಟ ಮನೆಯಿಂದ ನಮಗೇ ಸದಕಾ. ಓದು ಯಾಕೆ ಬಿಟ್ಟೆ ಎಂದು ಕೇಳಿದೆವು. ಅವನು ದೂರು ಹೇಳಲಿಲ್ಲ. "ಕಡಿಮೆ ಅಂಕಕ್ಕೆ ಹೇಗೂ ಕೆಲಸ ಸಿಗೋದಿಲ್ಲ ಅಂತ ನೀವೇ ಹೇಳಿದ್ರಲ್ಲ ಸರ್, ಅದಕ್ಕೇ ಬಿಟ್ಟೆ" ಎಂದ.

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ನಾವು ಹೇಳಿದ್ದು ನಿಜವೇ? ಕಾನೂನು ಓದುವ ಮಗುವಿಗೆ ಮೊದಲ ವರ್ಷ ಅಂಕ ಕಡಿಮೆ ಬಂದರೆ ಕೆಲಸದ ದಾರಿ ಮುಚ್ಚುತ್ತದೆಯೇ? ಯಾವ ವಿಚಾರಣೆಯನ್ನೂ ಮಾಡದೆ ಒಂದು ಮನೆಗೆ ತೀರ್ಪು ಕೊಟ್ಟುಬಿಟ್ಟಿದ್ದೆವು. ಆಮೇಲೆ ವಕೀಲರನ್ನು, ಕಾಲೇಜಿನ ಅಧ್ಯಾಪಕರನ್ನು, ಕಂಪನಿಗಳ ಕಾನೂನು ವಿಭಾಗದಲ್ಲಿ ಕೆಲಸ ಮಾಡುವವರನ್ನು ಕೇಳಿದೆವು. ನಿಯಮಗಳನ್ನು ತೆಗೆದು ಓದಿದೆವು. ನಮಗೆ ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಈ ಭಯ ಎಲ್ಲಿಂದ ಬಂತು ನೋಡೋಣ. ಮಕ್ಕಳು ಫೋನಿನಲ್ಲಿ ಅಮೆರಿಕದ ವಿಡಿಯೋಗಳನ್ನು ನೋಡುತ್ತಾರೆ. ಮೊದಲ ವರ್ಷದ ಅಂಕವೇ ವಕೀಲನ ಹಣೆಬರಹ ಎಂದು ಅಲ್ಲಿ ಹೇಳುತ್ತಾರೆ. ಅವರ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಅಲ್ಲಿ ಮೊದಲು ಒಂದು ಪದವಿ ಮುಗಿಸಿ ಆಮೇಲೆ ಮೂರು ವರ್ಷ ಕಾನೂನು ಓದುತ್ತಾರೆ. ದೊಡ್ಡ ವಕೀಲ ಸಂಸ್ಥೆಗಳು ಎರಡನೇ ವರ್ಷದ ನಂತರದ ಬೇಸಿಗೆ ಕೆಲಸಕ್ಕೆ ಬಹಳ ಮುಂಚೆಯೇ ಹುಡುಗರನ್ನು ಆರಿಸುತ್ತವೆ. ಆ ಬೇಸಿಗೆ ಕೆಲಸವೇ ಮುಂದೆ ಕಾಯಂ ಕೆಲಸವಾಗುತ್ತದೆ. ಆರಿಸುವ ಹೊತ್ತಿಗೆ ಅವರ ಕೈಯಲ್ಲಿ ಇರುವುದು ಮೊದಲ ವರ್ಷದ ಅಂಕ ಮಾತ್ರ. ಹಾಗಾಗಿ ಆ ಒಂದು ವರ್ಷಕ್ಕೆ ಅಷ್ಟು ತೂಕ. ನಮ್ಮಲ್ಲಿ ವ್ಯವಸ್ಥೆ ಹಾಗಿಲ್ಲ. ಅವರ ಊರಿನ ಭಯವನ್ನು ನಾವು ತಂದು ಬೊಮ್ಮನಹಳ್ಳಿಯ ಮನೆಯೊಳಗೆ ಕೂರಿಸಿಕೊಂಡಿದ್ದೇವೆ.

ಹಾಗೆಂದು ನಮ್ಮಲ್ಲಿ ಅಂಕಕ್ಕೆ ಬೆಲೆಯೇ ಇಲ್ಲ ಎಂದು ಹೇಳಿದರೆ ಅದೂ ಮೋಸ. ಅಂಕ ಕೇಳುವ ಬಾಗಿಲುಗಳಿವೆ, ಕೇಳದ ಬಾಗಿಲುಗಳೂ ಇವೆ. ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತೇವೆ.

ಅಂಕ ಕೇಳುವ ಮೊದಲ ಬಾಗಿಲು ದೊಡ್ಡ ವಕೀಲ ಸಂಸ್ಥೆಗಳದು. ನಮ್ಮ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಂಥ ವಿಶ್ವವಿದ್ಯಾಲಯಗಳಿಗೆ ಈ ಸಂಸ್ಥೆಗಳು ಕ್ಯಾಂಪಸ್ ಆಯ್ಕೆಗೆ ಬರುತ್ತವೆ. ಕೋರ್ಸ್ ಮುಗಿಯುವುದಕ್ಕೆ ಸಾಕಷ್ಟು ಮುಂಚೆಯೇ ಆಯ್ಕೆ ನಡೆಯುತ್ತದೆ. ಅಲ್ಲಿಯವರೆಗಿನ ಸರಾಸರಿ ನೋಡಿ ಪಟ್ಟಿ ಮಾಡುವುದುಂಟು. ಹಾಗಾಗಿ ಮೊದಲ ವರ್ಷದ ಅಂಕ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದರೆ ನಮ್ಮ ಟ್ರಸ್ಟಿನ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ. ಅಲ್ಲಿಗೆ ಆ ದೊಡ್ಡ ಸಂಸ್ಥೆಗಳು ಬಂದು ಸಾಲಾಗಿ ಕೂರುವುದು ಅಪರೂಪ. ನಮ್ಮ ಮಕ್ಕಳು ಆ ಬಾಗಿಲನ್ನು ತಟ್ಟುವುದು ಹೆಚ್ಚಾಗಿ ಇಂಟರ್ನ್‌ಶಿಪ್ ಮೂಲಕ, ಪರಿಚಯದ ವಕೀಲರ ಮೂಲಕ. ಅಲ್ಲಿ ಮಾಡಿದ ಕೆಲಸ ಅಂಕಪಟ್ಟಿಗಿಂತ ಜೋರಾಗಿ ಮಾತಾಡುತ್ತದೆ.

ಎರಡನೆಯದು ಕಂಪನಿಗಳು. ಹೊಸೂರು ರಸ್ತೆಯುದ್ದಕ್ಕೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ, ವೈಟ್‌ಫೀಲ್ಡಿನಲ್ಲಿ ಕರಾರು ಪತ್ರಗಳನ್ನು ಓದಿ ತಿದ್ದುವ, ಕಾರ್ಮಿಕ ಕಾಯ್ದೆಗಳ ಪಾಲನೆ ನೋಡಿಕೊಳ್ಳುವ ಕೆಲಸಗಳಿವೆ. ಇಲ್ಲಿ ಶೇ. 60 ಎಂಬ ಗೆರೆ ಎಳೆಯುವ ಕಂಪನಿಗಳು ಕಡಿಮೆಯೇನಲ್ಲ. ಎಂಜಿನಿಯರಿಂಗ್ ಓದಿದ ಮಕ್ಕಳ ಮನೆಯವರಿಗೆ ಈ ಗೆರೆಯ ವಿಷಯ ಚೆನ್ನಾಗಿ ಗೊತ್ತು. ಆ ಗೆರೆ ಒಟ್ಟು ಸರಾಸರಿಗೆ, ಒಂದು ವರ್ಷಕ್ಕಲ್ಲ.

ಇಲ್ಲಿ ಸ್ವಲ್ಪ ಗಣಿತ ಮಾಡಬೇಕು. ಐದು ವರ್ಷದ ಕೋರ್ಸಿನಲ್ಲಿ ಹತ್ತು ಸೆಮಿಸ್ಟರ್. ಮೊದಲ ವರ್ಷ ಎಂದರೆ ಅದರಲ್ಲಿ ಎರಡು. ಎಲ್ಲ ಸೆಮಿಸ್ಟರಿಗೂ ಸಮ ತೂಕ ಎಂದುಕೊಂಡರೆ ಮೊದಲ ವರ್ಷದ ಪಾಲು ಐದರಲ್ಲಿ ಒಂದು. ಮೂರು ವರ್ಷದ ಕೋರ್ಸಿನಲ್ಲಿ ಆರು ಸೆಮಿಸ್ಟರ್. ಅಲ್ಲಿ ಮೊದಲ ವರ್ಷದ ಪಾಲು ಮೂರರಲ್ಲಿ ಒಂದು. ಮೊದಲ ವರ್ಷ ಶೇ. 52 ತೆಗೆದ ಮಗು ಆಮೇಲೆ ಪ್ರತಿ ಸೆಮಿಸ್ಟರಿನಲ್ಲೂ ಶೇ. 65 ತೆಗೆಯಿತು ಎನ್ನೋಣ. ಎರಡನೇ ವರ್ಷದ ಕೊನೆಗೆ ಸರಾಸರಿ 58.5. ಮೂರನೇ ವರ್ಷದ ಕೊನೆಗೆ 60.6 ದಾಟುತ್ತದೆ. ಐದನೇ ವರ್ಷದ ಕೊನೆಗೆ 62.4.

ಈಗ ನಮ್ಮ ಆ ಹುಡುಗನ ಲೆಕ್ಕ. ಅವನದು ಶೇ. 47. ಐದು ವರ್ಷಕ್ಕೆ ಒಟ್ಟು ಶೇ. 60 ಆಗಬೇಕಾದರೆ ಉಳಿದ ಎಂಟು ಸೆಮಿಸ್ಟರಿನಲ್ಲಿ ಅವನಿಗೆ ಬೇಕಿದ್ದ ಸರಾಸರಿ 63.25. ಅಷ್ಟೇ. ಮೂರನೇ ವರ್ಷ ಮುಗಿಯುವಾಗ ಯಾರಾದರೂ ಅವನ ಸರಾಸರಿ ಕೇಳಿದ್ದರೆ ಇನ್ನೂ 58ರ ಒಳಗೇ ಇರುತ್ತಿತ್ತು. ಆ ಹೊತ್ತಿನ ಕೆಲವು ಅವಕಾಶ ತಪ್ಪುತ್ತಿತ್ತು, ನಿಜ. ಆದರೆ ಕೋರ್ಸ್ ಮುಗಿಯುವ ಹೊತ್ತಿಗೆ ಗೆರೆ ಮುಟ್ಟಬಹುದಿತ್ತು. ಇದು ಕಷ್ಟದ ಲೆಕ್ಕ, ಅಸಾಧ್ಯದ ಲೆಕ್ಕವಲ್ಲ. ಎರಡು ನಿಮಿಷದ ಈ ಲೆಕ್ಕವನ್ನು ಅವನ ಎದುರು ಕೂತು ನಾವು ಮಾಡಲಿಲ್ಲ. ಮಾಡಿದ್ದರೆ ಅವನು ಬಿಡುತ್ತಿರಲಿಲ್ಲವೇನೋ.

ಇನ್ನು ಅಂಕ ಕೇಳದ ಬಾಗಿಲುಗಳು. ಇವು ನಮ್ಮ ಮಕ್ಕಳಿಗೆ ಹೆಚ್ಚು ಹತ್ತಿರದವು.

ವಕೀಲರಾಗಿ ನೋಂದಾಯಿಸಿಕೊಳ್ಳಲು ಮೊದಲ ವರ್ಷ ಎಷ್ಟು ಬಂತು ಎಂದು ಕರ್ನಾಟಕ ರಾಜ್ಯ ವಕೀಲರ ಪರಿಷತ್ತು ಕೇಳುವುದಿಲ್ಲ. ಪದವಿ ಬೇಕು. ನೋಂದಣಿ ಶುಲ್ಕದ ವಿಷಯದಲ್ಲೂ ಒಂದು ಒಳ್ಳೆಯ ಸುದ್ದಿ ಇದೆ. 1961ರ ವಕೀಲರ ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ಕೊಟ್ಟಿತು. ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಅದಕ್ಕೂ ಮುಂಚೆ ಹಲವು ರಾಜ್ಯಗಳಲ್ಲಿ ಸಾವಿರಗಟ್ಟಲೆ ಕೊಡಬೇಕಿತ್ತು. ಸಾಲ ಮಾಡಿ ಕರಿಕೋಟು ಹಾಕಿಕೊಂಡವರು ಎಷ್ಟೋ ಮಂದಿ.

ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ನೂರು ಪ್ರಶ್ನೆ, ಸರಿ ಉತ್ತರ ಆರಿಸುವ ಮಾದರಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ ಪಾಸಾಗಲು ಶೇ. 45 ಸಾಕು. ಈ ಪರೀಕ್ಷೆ ನಡೆಸುವ ಅಧಿಕಾರ ವಕೀಲರ ಪರಿಷತ್ತಿಗೆ ಇದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2023ರ ಫೆಬ್ರವರಿಯಲ್ಲಿ ಹೇಳಿದೆ. ಇಲ್ಲೂ ಮೊದಲ ವರ್ಷದ ಅಂಕದ ಪ್ರಶ್ನೆ ಇಲ್ಲ.

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಇರುತ್ತವೆ. ಗೆಲ್ಲಿಸುವುದು ಆ ಪರೀಕ್ಷೆಯಲ್ಲಿ ಬರೆದದ್ದು. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಈ ಹುದ್ದೆಗೆ ಅರ್ಜಿ ಹಾಕಲು ಕನಿಷ್ಠ ಮೂರು ವರ್ಷ ವಕೀಲಿಕೆ ಮಾಡಿರಬೇಕು ಎಂಬ ನಿಯಮವನ್ನು ಮತ್ತೆ ತಂದಿತು. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಆ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಓದು ಮುಗಿದ ತಕ್ಷಣ ಪರೀಕ್ಷೆ ಬರೆಯುವ ಆಸೆಯಲ್ಲಿದ್ದವರಿಗೆ ಇದು ನಿರಾಸೆ ತಂದಿರಬಹುದು. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ: ಅಂಕಪಟ್ಟಿಗಿಂತ ಕೋರ್ಟಿನ ಅನುಭವಕ್ಕೆ ಬೆಲೆ ಎಂದೇ ಇದರ ಅರ್ಥ.

ನಾಲ್ಕನೆಯದು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲದ ದಾರಿ. ಬಡ ಆರೋಪಿಗಳ ಪರವಾಗಿ ವಾದಿಸಲು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2022ರಲ್ಲಿ ಪೂರ್ಣಾವಧಿ ವಕೀಲರ ವ್ಯವಸ್ಥೆ ತಂದಿತು. ಅದರ ಮುಖ್ಯ ವಕೀಲರಿಗೆ ಹತ್ತು ವರ್ಷ, ಉಪ ಮುಖ್ಯ ವಕೀಲರಿಗೆ ಏಳು ವರ್ಷ ಅನುಭವ ಬೇಕು. ಸಹಾಯಕ ವಕೀಲರ ಹುದ್ದೆಗೆ ಮಾತ್ರ ಹೊಸಬರಿಂದ ಮೂರು ವರ್ಷ ಅನುಭವದವರವರೆಗೆ ಅರ್ಜಿ ಹಾಕಬಹುದು. ತಿಂಗಳ ಗೌರವಧನ ಇದೆ, ಕಲಿಯಲು ಅವಕಾಶ ಇದೆ.

ಈ ಎಲ್ಲ ಬಾಗಿಲುಗಳ ಹಿಂದೆ ಒಂದು ಕಷ್ಟ ಇದೆ. ಅದು ಅಂಕದ್ದಲ್ಲ, ಹಣದ್ದು. ಹಿರಿಯ ವಕೀಲರ ಕೈಕೆಳಗೆ ಸೇರಿದ ಜೂನಿಯರಿಗೆ ಮೊದಲ ಎರಡು ಮೂರು ವರ್ಷ ಬಸ್ಸಿನ ಖರ್ಚು, ಊಟದ ಖರ್ಚು ಹುಟ್ಟಿದರೆ ಹೆಚ್ಚು. ಜೂನಿಯರುಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಮಾಡಿತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಹೊಸ ಕಾನೂನು ಪದವೀಧರರಿಗೆ ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಶಿಷ್ಯವೇತನ ಯೋಜನೆ ಇದೆ; ಅರ್ಹರಾದವರು ಇಲಾಖೆಯ ಕಚೇರಿಗೆ ಹೋಗಿ ಕೇಳಬೇಕು. ಆದರೂ ನಮ್ಮ ಮನೆಗಳಲ್ಲಿ ಮಗ ಓದು ಮುಗಿಸಿದ ತಿಂಗಳೇ ಸಂಬಳ ತರಬೇಕು. ಬಾಡಿಗೆ, ರೇಷನ್, ತಂಗಿಯ ಫೀಸು ಕಾಯುವುದಿಲ್ಲ. ನಮ್ಮ ಮಕ್ಕಳು ವಕೀಲಿಕೆ ಬಿಟ್ಟು ಹೋಗುವುದು ಹೆಚ್ಚಾಗಿ ಈ ಮೂರು ವರ್ಷದಲ್ಲಿ. ದಾನಿಗಳು ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂದು ಕೋರುತ್ತೇವೆ.

ಇಷ್ಟಕ್ಕೂ ಮೊದಲ ವರ್ಷ ಅಂಕ ಯಾಕೆ ಬೀಳುತ್ತದೆ? ಮಕ್ಕಳ ಜೊತೆ ಕೂತು ಕೇಳಿದಾಗ ಮೂರು ಕಾರಣಗಳು ಮತ್ತೆ ಮತ್ತೆ ಬಂದವು.

ಒಂದು, ಭಾಷೆ. ಉರ್ದು ಮಾಧ್ಯಮದಲ್ಲೋ ಕನ್ನಡ ಮಾಧ್ಯಮದಲ್ಲೋ ಓದಿ ಬಂದ ಮಗುವಿನ ಕೈಗೆ 1872ರ ಕರಾರು ಕಾಯ್ದೆಯನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಮೊದಲ ಪುಟದಲ್ಲೇ ಬೆವರುತ್ತದೆ. ವಾಕ್ಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದೇ ತಿಳಿಯುವುದಿಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ಕೆಲವು ಮಕ್ಕಳಿಗೆ ಮೊದಲ ಪರೀಕ್ಷೆ ಮುಗಿದ ಮೇಲೆ ಗೊತ್ತಾಗಿದೆ. ಕೆಳಗಿನ ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. ಹೈಕೋರ್ಟಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಇಂಗ್ಲಿಷ್ ಬೇಕು. ಹಾಗಾಗಿ ಎರಡನ್ನೂ ಕಲಿಯಬೇಕು, ಆದರೆ ಮೊದಲ ವರ್ಷವೇ ಎರಡರಲ್ಲೂ ಗೆಲ್ಲಬೇಕಾಗಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್, ಪಕ್ಕದ ಮನೆಯಲ್ಲಿ ತಮಿಳು ಕೇಳಿ ಬೆಳೆದ ಮಗು ಮುಂದೆ ಕಕ್ಷಿಗಾರರ ಜೊತೆ ಕೂತಾಗ ಅದು ಕೊರತೆಯಲ್ಲ, ಆಸ್ತಿ.

ಎರಡು, ಪ್ರಶ್ನೆಯ ರೀತಿ. ಪಿಯುಸಿವರೆಗೆ ಬಾಯಿಪಾಠ ಮಾಡಿ ಬರೆದ ಮಕ್ಕಳಿಗೆ ಕಾನೂನಿನಲ್ಲಿ ಒಂದು ಘಟನೆ ಕೊಟ್ಟು, ಯಾರದು ಹಕ್ಕು, ಯಾರದು ಹೊಣೆ, ಯಾವ ಕಲಂ ಎಂದು ಕೇಳುತ್ತಾರೆ. ಉತ್ತರ ಗೊತ್ತಿದ್ದೂ ಬರೆಯಲು ಬರುವುದಿಲ್ಲ. ಇದು ಅಭ್ಯಾಸದಿಂದ ಬರುವ ವಿದ್ಯೆ. ವಾರಕ್ಕೆ ಎರಡು ಹಳೆಯ ಪ್ರಶ್ನೆಗೆ ಉತ್ತರ ಬರೆದು ಹಿರಿಯ ವಿದ್ಯಾರ್ಥಿಗೆ ತೋರಿಸಿದರೆ ಒಂದು ವರ್ಷದಲ್ಲಿ ವ್ಯತ್ಯಾಸ ಕಾಣುತ್ತದೆ.

ಮೂರು, ಮನೆ ಮತ್ತು ದಾರಿ. ಬೆಳಿಗ್ಗೆ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಮೊದಲ ಪಿರಿಯಡ್ ಮುಗಿದಿರುತ್ತಿತ್ತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಶುರುವಾದ ಮೇಲೆ ಆ ಕಷ್ಟ ಎಷ್ಟೋ ಇಳಿದಿದೆ. ಬೊಮ್ಮನಹಳ್ಳಿಯಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಊರೊಳಗೆ ಹೋಗಬಹುದು. ಆದರೆ ಸಂಜೆ ಮೊಬೈಲ್ ಅಂಗಡಿಯಲ್ಲಿ ನಿಲ್ಲುವ ಹುಡುಗನಿಗೆ, ಅಮ್ಮ ಶಿಫ್ಟಿನಿಂದ ಬರುವವರೆಗೆ ಅಡುಗೆ, ತಮ್ಮ ತಂಗಿಯರ ಹೊಣೆ ಹೊರುವ ಹುಡುಗಿಗೆ ಮೆಟ್ರೊ ಓದುವ ಹೊತ್ತನ್ನು ಕೊಡುವುದಿಲ್ಲ. ಅದನ್ನು ಮನೆಯವರೇ ಕೊಡಬೇಕು.

ಮಕ್ಕಳೇ, ಈಗ ನಿಮಗೆ ನೇರವಾಗಿ ನಾಲ್ಕು ಮಾತು.

ಕಡಿಮೆ ಅಂಕ ಬೇರೆ, ಉಳಿದುಹೋದ ವಿಷಯ ಬೇರೆ. 50 ಬಂದದ್ದು ಗಾಯ, ಮಾಯುತ್ತದೆ. ಬ್ಯಾಕ್‌ಲಾಗ್ ಹಾಗೇ ಬಿಟ್ಟರೆ ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಬೆಳೆಯುತ್ತದೆ. ಎರಡನೇ ವರ್ಷ ಮೊದಲು ಅದನ್ನು ತೀರಿಸಿ.

ಇಂಟರ್ನ್‌ಶಿಪ್ಪನ್ನು ಪ್ರಮಾಣಪತ್ರಕ್ಕಾಗಿ ಮಾಡಬೇಡಿ. ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಅಂಕ ಕಡಿಮೆ ಇರುವವರಿಗೆ ಈ ವಾರಗಳೇ ಎರಡನೆಯ ಅಂಕಪಟ್ಟಿ. ದೊಡ್ಡ ಹೆಸರಿನ ಕಚೇರಿ ಸಿಗದಿದ್ದರೆ ಚಿಂತೆಯಿಲ್ಲ. ಆನೇಕಲ್ ಕೋರ್ಟಿನ ಒಬ್ಬ ವಕೀಲರ ಜೊತೆ ನಾಲ್ಕು ವಾರ ಓಡಾಡಿ, ಕೇಸಿನ ಕಟ್ಟು ಬಿಚ್ಚಿ ಓದಿ, ವಕಾಲತ್ತು ಬರೆಯುವುದು, ದಾವೆಯ ಕರಡು ಮಾಡುವುದು ಕಲಿತರೆ ಅದು ಯಾವ ಸಂದರ್ಶನದಲ್ಲೂ ಹೇಳಬಹುದಾದ ಮಾತು.

ಅಂಕವನ್ನು ಮುಚ್ಚಿಡಬೇಡಿ. ಬಯೋಡೇಟಾದಲ್ಲಿ ಸುಳ್ಳು ಬರೆದವರಿಗೆ ಕಾನೂನಿನ ಕೆಲಸದಲ್ಲಿ ಜಾಗವಿಲ್ಲ, ಇರಲೂಬಾರದು. ಮೊದಲ ವರ್ಷ ಯಾಕೆ ಕಡಿಮೆ ಎಂದು ಕೇಳಿದರೆ, ಇದು ಕಾರಣ, ಆಮೇಲೆ ಹೀಗೆ ತಿದ್ದಿಕೊಂಡೆ ಎಂದು ಎರಡು ವಾಕ್ಯದಲ್ಲಿ ಹೇಳಿ ನಿಲ್ಲಿಸಿ. ಏರುತ್ತಾ ಬಂದ ಅಂಕ ತಾನೇ ಒಂದು ಸಾಕ್ಷಿ.

ನಾಲ್ಕನೆಯದು, ಹೊಸ ಕಾನೂನುಗಳನ್ನು ಗಟ್ಟಿಯಾಗಿ ಓದಿ. 1860ರ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮೂವತ್ತು ವರ್ಷ ವಕೀಲಿಕೆ ಮಾಡಿದವರೂ ಹೊಸ ಕಲಂ ಸಂಖ್ಯೆಗಳನ್ನು ಮೊದಲಿನಿಂದ ಕಲಿಯುತ್ತಿದ್ದಾರೆ. ಹೊಸ ಸಂಹಿತೆ ಚೆನ್ನಾಗಿ ಗೊತ್ತಿರುವ ಜೂನಿಯರ್ ಯಾವ ಕಚೇರಿಗೂ ಬೇಕು.

ತಂದೆ ತಾಯಂದಿರಲ್ಲಿ ಒಂದು ವಿನಂತಿ. ಅಂಕಪಟ್ಟಿ ಬಂದ ದಿನ ತೀರ್ಮಾನ ಮಾಡಬೇಡಿ. ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ ಹೇಳುತ್ತೇವೆ. ಮಗನಿಗೆ 48 ಬಂದರೆ "ಮುಂದಿನ ಸಲ ನೋಡೋಣ" ಎನ್ನುವ ಮನೆಯಲ್ಲೇ ಮಗಳಿಗೆ 48 ಬಂದರೆ "ಸಾಕು ಬಿಡು, ಒಳ್ಳೆ ಸಂಬಂಧ ಬಂದಿದೆ" ಎಂಬ ಮಾತು ಕೇಳಿದ್ದೇವೆ. ಪಕ್ಕದ ಕೇರಳದ ಫಾತಿಮಾ ಬೀವಿಯವರು 1950ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡು, 1958ರಲ್ಲಿ ಮುನ್ಸೀಫರಾಗಿ ಕೆಳಗಿನ ಮೆಟ್ಟಿಲಿನಿಂದ ಹತ್ತಿ, 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಅವರು ಒಳ್ಳೆಯ ಅಂಕ ತೆಗೆದವರೇ. ಅವರ ಹೆಸರು ಹೇಳುವುದು ಅಂಕಕ್ಕಲ್ಲ. ಮುನ್ಸೀಫ್ ಕೋರ್ಟಿನಿಂದ ಆ ಪೀಠಕ್ಕೆ ಮೂವತ್ತೊಂದು ವರ್ಷ ಹಿಡಿಯಿತು ಎಂಬುದನ್ನು ತೋರಿಸಲು. ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ಲೇಖಕಿಯಷ್ಟೇ ಅಲ್ಲ, ವಕೀಲರೂ ಹೌದು. ಮೂಡಬಿದಿರೆಯ ಹತ್ತಿರದ ಬೆಳುವಾಯಿಯ ಅಬ್ದುಲ್ ನಜೀರ್ ಅವರು ಮಂಗಳೂರಿನಲ್ಲಿ ಕಾನೂನು ಓದಿ, 1983ರಲ್ಲಿ ವಕೀಲರಾಗಿ, 2003ರಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 2017ರಲ್ಲಿ ಸುಪ್ರೀಂ ಕೋರ್ಟ್ ತಲುಪಿದರು. ಅಲ್ಲೂ ವಕೀಲಿಕೆಯ ಮೊದಲ ಇಪ್ಪತ್ತು ವರ್ಷ ಇದೆ. ಇಷ್ಟು ದೀರ್ಘ ದಾರಿಯಲ್ಲಿ ಮೊದಲ ವರ್ಷವನ್ನು ಕೊನೆಯ ವರ್ಷ ಮಾಡಬೇಡಿ.

ಈ ಬೊಮ್ಮನಹಳ್ಳಿಗೆ ನಮ್ಮದೇ ಮಕ್ಕಳು ವಕೀಲರಾಗಿ ಯಾಕೆ ಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2016ರ ಏಪ್ರಿಲ್ 18 ಇಲ್ಲಿ ಕೂತಿರುವ ಹಲವು ತಾಯಂದಿರಿಗೆ ನೆನಪಿರಬೇಕು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಅಧಿಸೂಚನೆ ಬಂದಿತ್ತು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಕಾರ್ಖಾನೆಯಿಂದ ಹೊರಬಂದು ಇದೇ ಹೊಸೂರು ರಸ್ತೆಯಲ್ಲಿ ಕೂತರು. ಮರುದಿನ ಸರ್ಕಾರ ಆ ಅಧಿಸೂಚನೆಯನ್ನೇ ಹಿಂತೆಗೆದುಕೊಂಡಿತು. ಮಗಳ ಮದುವೆಗೆ, ಮಗನ ಫೀಸಿಗೆ ಇಟ್ಟುಕೊಂಡಿದ್ದ ಹಣ ಅದು. ದೆಹಲಿಯಲ್ಲಿ ಬರೆದ ಒಂದು ಹಾಳೆ ನಮ್ಮ ಅಡುಗೆಮನೆಗೆ ಹೇಗೆ ಬರುತ್ತದೆ ಎಂದು ಅವತ್ತು ಎಲ್ಲರಿಗೂ ತಿಳಿಯಿತು. ಆ ಹಾಳೆಯನ್ನು ಓದಿ, ಇದರ ಅರ್ಥ ಹೀಗೆ, ನಿಮ್ಮ ಹಕ್ಕು ಇಷ್ಟು ಎಂದು ಮೊದಲೇ ಕೂರಿಸಿ ಹೇಳುವವರು ನಮ್ಮ ಬೀದಿಯಲ್ಲಿ ಎಷ್ಟು ಮಂದಿ ಇದ್ದರು? ಮಹಿಳೆಯರಿಗೆ, ಕಾರ್ಖಾನೆ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಹಕ್ಕು ಇದ್ದರೆ ಸಾಲದು, ಅದನ್ನು ತಿಳಿಸುವವರು ಬೇಕು. ಆ ಕೆಲಸಕ್ಕೆ ಗಾರ್ಮೆಂಟ್ಸ್ ಟೈಲರ್ ಒಬ್ಬರ ಮಗನಿಗಿಂತ ಹೆಚ್ಚು ಅರ್ಹರು ಯಾರು? ಅಂಥ ಒಬ್ಬನನ್ನು ನಾವು ಶೇ. 47 ಎಂದು ವಾಪಸ್ ಕಳಿಸಿದೆವು.

ಈಗ ದಾನಿಗಳಲ್ಲಿ ಒಂದು ಮಾತು. ನಿಯಮ ಬದಲಿಸುವ ಚರ್ಚೆ ಬಂದಾಗ ನಿಮ್ಮಲ್ಲಿ ಒಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದು: "ಎಂಬತ್ತು ತೆಗೆದ ಮಕ್ಕಳು ಸಾಲಿನಲ್ಲಿ ನಿಂತಿರುವಾಗ ನಲವತ್ತೇಳು ತೆಗೆದವನಿಗೆ ಯಾಕೆ ಕೊಡಬೇಕು? ಇದು ಅಮಾನತ್ ಅಲ್ಲವೇ?" ಹೌದು, ಅಮಾನತ್. ಅದಕ್ಕೇ ನಾವು ಎರಡು ಬಾರಿ ಯೋಚಿಸಿದೆವು. ಝಕಾತ್ ಯಾರಿಗೆ ಸಲ್ಲಬೇಕು ಎಂಬ ಎಂಟು ವರ್ಗಗಳನ್ನು ಸೂರಃ ತೌಬಾದ 60ನೇ ಆಯತ್ ಹೇಳುತ್ತದೆ. ಬಡವರು, ನಿರ್ಗತಿಕರು ಮೊದಲು ಬರುತ್ತಾರೆ. ಅಲ್ಲಿ ಅಂಕದ ಮಾತಿಲ್ಲ. ಪ್ರತಿಭೆಗೆ ಬಹುಮಾನ ಕೊಡುವುದು ಒಳ್ಳೆಯ ಕೆಲಸ, ಅದನ್ನು ಸಾಮಾನ್ಯ ದೇಣಿಗೆಯಿಂದ ಮುಂದುವರಿಸುತ್ತೇವೆ. ಅಗತ್ಯಕ್ಕೆ ಕೊಡುವ ನೆರವನ್ನು ಬಹುಮಾನದ ಅಳತೆಗೋಲಿನಿಂದ ಅಳೆದದ್ದು ನಮ್ಮ ತಪ್ಪು. ಎಂಬತ್ತು ತೆಗೆದ ಮಗುವಿಗೆ ಕೈಹಿಡಿಯುವವರು ಇನ್ನೂ ನಾಲ್ಕು ಕಡೆ ಸಿಗುತ್ತಾರೆ. ಐವತ್ತರೊಳಗೆ ಬಿದ್ದ ಮಗುವಿಗೆ ಎಲ್ಲ ಬಾಗಿಲೂ ಒಂದೇ ದಿನ ಮುಚ್ಚುತ್ತವೆ.

ಹಾಗೆಂದು ಸುಮ್ಮನೆ ಕೊಡುವುದಿಲ್ಲ. ಈ ವರ್ಷದಿಂದ ಜಾರಿಗೆ ಬರುವ ನಿಯಮ ಹೀಗಿದೆ. ಕಾನೂನು ವಿದ್ಯಾರ್ಥಿಯ ಮೊದಲ ವರ್ಷದ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ವಿದ್ಯಾರ್ಥಿವೇತನ ನಿಲ್ಲಿಸುವುದಿಲ್ಲ. ಶೇ. 55ಕ್ಕಿಂತ ಕಡಿಮೆ ಬಂದವರು ಫಲಿತಾಂಶ ಬಂದ ಹದಿನೈದು ದಿನದೊಳಗೆ ತಂದೆ ಅಥವಾ ತಾಯಿಯ ಜೊತೆ ಬಂದು ಸಮಿತಿಯ ಮುಂದೆ ಕೂರಬೇಕು. ಅವರ ಲೆಕ್ಕವನ್ನು ಅವರ ಎದುರೇ ಮಾಡುತ್ತೇವೆ: ಎಷ್ಟು ಬಂದಿದೆ, ಎಷ್ಟು ಬೇಕು, ಯಾವ ವಿಷಯ ಉಳಿದಿದೆ. ಎರಡನೇ ವರ್ಷವಿಡೀ ತಿಂಗಳಿಗೊಮ್ಮೆ ಬಂದು ತಾವು ಬರೆದ ಉತ್ತರಗಳನ್ನು ತೋರಿಸಬೇಕು. ಎರಡನೇ ವರ್ಷದ ಕೊನೆಗೆ ಅಂಕ ಏರಿದೆಯೇ, ಬ್ಯಾಕ್‌ಲಾಗ್ ಇಳಿದಿದೆಯೇ ಎಂದು ನೋಡುತ್ತೇವೆ. ಎರಡೂ ಆಗದಿದ್ದರೆ ನೆರವು ನಿಲ್ಲಬಹುದು. ಆದರೆ ಆ ತೀರ್ಮಾನವನ್ನು ಕಾಗದ ಕಳಿಸಿ ತಿಳಿಸುವುದಿಲ್ಲ. ಮನೆಗೆ ಬಂದು ಕೂತು ಮಾತಾಡುತ್ತೇವೆ. ಓದು ಮುಗಿಸಿ ವಕೀಲಿಕೆಗೆ ಇಳಿಯುವವರ ನೋಂದಣಿ ಶುಲ್ಕ, ಗೌನು, ಕೋಟು, ಮೊದಲ ಕಾನೂನು ಪುಸ್ತಕಗಳ ಖರ್ಚನ್ನು ಟ್ರಸ್ಟ್ ಕೊಡುತ್ತದೆ. ಜೂನಿಯರಾಗಿರುವ ಮೂರು ವರ್ಷಕ್ಕೆ ತಿಂಗಳ ನೆರವು ಕೊಡುವ ಆಸೆಯೂ ಇದೆ. ಅದು ನಿಮ್ಮ ಕೈಯಲ್ಲಿದೆ.

ಅರ್ಜಿ ಹಾಕುವವರು ಗಮನಿಸಬೇಕು. ಅರ್ಜಿಯ ಜೊತೆ ಹತ್ತನೇ ತರಗತಿಯಿಂದ ಈವರೆಗಿನ ಎಲ್ಲ ಅಂಕಪಟ್ಟಿ, ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ, ಶುಲ್ಕದ ರಸೀದಿ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡಿನ ಪ್ರತಿ ಇರಲಿ. ಅನುತ್ತೀರ್ಣರಾದ ಅಂಕಪಟ್ಟಿಯನ್ನೂ ಇಡಿ. ಅದನ್ನು ಇಟ್ಟದ್ದಕ್ಕೆ ಯಾರ ಅರ್ಜಿಯೂ ತಿರಸ್ಕಾರವಾಗುವುದಿಲ್ಲ. ಬೇರೆ ಕಡೆಯಿಂದ ನೆರವು ಬರುತ್ತಿದ್ದರೆ ಅದನ್ನು ಬರೆಯಿರಿ. ಅರ್ಜಿ ಟ್ರಸ್ಟಿನ ಕಚೇರಿಯಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ಯಾರಿಗೂ ಹಣ ಕೊಡಬೇಡಿ.

ಕೊನೆಯದಾಗಿ, ಆ ಹುಡುಗ ಏನಾದ ಎಂದು ನೀವು ಕೇಳಬಹುದು. ಈದ್ ಮುಗಿದ ಮೇಲೆ ಅವನ ಮನೆಗೆ ಹೋದೆವು. ತಪ್ಪಾಯಿತು ಎಂದು ತಂದೆಯ ಮುಂದೆ ಹೇಳಿದೆವು. "ಆಗಿದ್ದು ಆಯ್ತು ಭಾಯ್, ಚಹಾ ಕುಡೀರಿ" ಎಂದರು. ಮತ್ತೆ ಓದುವ ವಿಷಯ ತೆಗೆದಾಗ ಹುಡುಗ ಕೂಡಲೇ ಒಪ್ಪಲಿಲ್ಲ. ಸಂಬಳದ ಅಭ್ಯಾಸವಾಗಿದೆ, ಮನೆ ಅದರ ಮೇಲೆ ನಡೆಯುತ್ತಿದೆ. ಯೋಚಿಸುತ್ತೇನೆ ಎಂದಿದ್ದಾನೆ. ಕಾಲೇಜಿನವರನ್ನು ವಿಚಾರಿಸುವ ಕೆಲಸ ನಾವು ವಹಿಸಿಕೊಂಡಿದ್ದೇವೆ. ಅವನ ತಂಗಿ ಎರಡನೇ ಪಿಯುಸಿಯಲ್ಲಿದ್ದಾಳೆ. ತಾನೂ ಕಾನೂನು ಓದುತ್ತೇನೆ ಎನ್ನುತ್ತಾಳೆ. ನಾವು ಹೊರಡುವಾಗ ಬಾಗಿಲ ಹತ್ತಿರ ನಿಂತು, "ನನಗೂ ಮೊದಲ ವರ್ಷ ಕಡಿಮೆ ಬಂದ್ರೆ?" ಎಂದು ಕೇಳಿದಳು. ಅಂಕಪಟ್ಟಿ ತಗೊಂಡು ನಮ್ಮ ಹತ್ತಿರ ಬಾ ಮಗಳೇ, ಕೂತು ಲೆಕ್ಕ ಹಾಕೋಣ ಎಂದೆವು. ಈ ಮಾತನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತಿರುವುದು, ನಾಳೆ ನಾವು ಮರೆತರೆ ನೀವು ನೆನಪಿಸಲಿ ಎಂದು.

ಕೊಟ್ಟವರ ಸಂಪಾದನೆಯಲ್ಲಿ ಅಲ್ಲಾಹನು ಬರ್ಕತ್ ನೀಡಲಿ. ಓದುವ ಮಕ್ಕಳಿಗೆ ತಾಳ್ಮೆ ಕೊಡಲಿ. ತೀರ್ಮಾನ ಮಾಡುವ ಜಾಗದಲ್ಲಿ ಕೂತ ನಮಗೆ ನ್ಯಾಯವಾಗಿ ನಡೆಯುವ ಬುದ್ಧಿ ಕೊಡಲಿ. ಆಮೀನ್.

ವಸ್ಸಲಾಂ.